ಹಾಜರಾತಿ ಕೊರತೆಯಿಂದ ಪರೀಕ್ಷೆ ತಪ್ಪುವಂತಾದಾಗ: ಹೈಕೋರ್ಟ್ ಮೆಟ್ಟಿಲು ಹತ್ತುವ ಮುನ್ನ, ಹತ್ತಿದ ಮೇಲೆ

ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಕಂಡ ದಿನವೇ ಕೆಲಸ ಶುರುವಾಗಬೇಕು. ಪರೀಕ್ಷೆಯ ಹಿಂದಿನ ಸಂಜೆ ಬಂದ ಅರ್ಜಿಯ ಕಡತ ಓದಲು ನ್ಯಾಯಾಲಯಕ್ಕೂ ಸಮಯವಿರುವುದಿಲ್ಲ.

ಮೊದಲು ನಿಮಗೆ ಅನ್ವಯಿಸುವ ನಿಯಮದ ಪಠ್ಯವನ್ನೇ ಕೈಗೆ ತೆಗೆದುಕೊಳ್ಳಿ. ಎಲ್ಲರೂ ಹೇಳುವ 75 ಪರ್ಸೆಂಟ್ ಹಾಜರಾತಿಯ ಮಿತಿ ಎಲ್ಲ ಕೋರ್ಸುಗಳಿಗೂ ಅನ್ವಯಿಸುವುದಿಲ್ಲ. ಕಾನೂನು ಪದವಿಗೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ 12ರಂತೆ ಪ್ರತಿ ವಿಷಯದಲ್ಲಿ ಶೇ 70 ಬೇಕು. ವಿಶೇಷ ಕಾರಣವಿದ್ದರೆ, ಆ ವಿಷಯದಲ್ಲಿ ಶೇ 65 ಮತ್ತು ಎಲ್ಲ ವಿಷಯ ಸೇರಿ ಶೇ 70 ಇರುವವರಿಗೆ ಡೀನ್ ಅಥವಾ ಪ್ರಾಂಶುಪಾಲರು ಅನುಮತಿ ಕೊಡಬಹುದು.

ಆಮೇಲೆ ಲೆಕ್ಕ. 60 ತರಗತಿಗಳಲ್ಲಿ 40ಕ್ಕೆ ಹಾಜರಾಗಿದ್ದರೆ ಶೇ 66.7, ಶೇ 70 ಆಗಲು 42 ಬೇಕು. ಆದರೆ ಆ 60ರಲ್ಲಿ 4 ತರಗತಿ ನಡೆದೇ ಇರಲಿಲ್ಲ ಎಂದು ತೋರಿಸಿದರೆ 56ಕ್ಕೆ 40, ಅಂದರೆ ಶೇ 71.4. ಕೊರತೆಯೇ ಇಲ್ಲ! ತಕರಾರಿಗೆ ಬಲ ಬರುವುದು ಇಲ್ಲಿಂದಲೇ, ಅನುಕಂಪದಿಂದಲ್ಲ. ತಡವಾಗಿ ಪ್ರವೇಶ ಪಡೆದವರ ಎಣಿಕೆ ಯಾವ ದಿನದಿಂದ, ಕ್ರೀಡೆ ಅಥವಾ ಎನ್‌ಎಸ್‌ಎಸ್‌ಗೆ ಕಾಲೇಜೇ ಕಳಿಸಿದ ದಿನಗಳು ಸೇರಿವೆಯೇ ಎಂಬುದನ್ನೂ ನಿಯಮದೊಂದಿಗೆ ತಾಳೆ ನೋಡಿ. ದಾಖಲೆಗೆ ಆರ್‌ಟಿಐ ಹಾಕಿ ಕೂತರೆ ಉತ್ತರಕ್ಕೆ 30 ದಿನದ ಅವಕಾಶವಿದೆ, ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ವಿಷಯವಾರು ಹಾಜರಾತಿ ಪ್ರತಿಯನ್ನು ಪ್ರಾಂಶುಪಾಲರಿಗೆ ನೇರವಾಗಿ ಬರೆದು ಕೇಳಿ.

ಮನವಿ ಪತ್ರದಲ್ಲಿ ತಪ್ಪಾಗಿ ಗೈರೆಂದು ನಮೂದಾದ ದಿನಾಂಕ, ಗೈರಾದ ಕಾರಣ, ಆಧಾರ, ಕೊರತೆಯ ಮನ್ನಾ ಕೇಳುವ ನಿಯಮದ ಸಂಖ್ಯೆ ಇರಲಿ. ಕಾಲೇಜಿಗೂ ವಿಶ್ವವಿದ್ಯಾಲಯದ ಕುಲಸಚಿವರಿಗೂ (ರಿಜಿಸ್ಟ್ರಾರ್) ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶವಿದ್ದರೆ ಅದನ್ನೇ ಲಗತ್ತಿಸಿ. ಹಿಂದಿನ ದಿನಾಂಕ ಹಾಕಿಸಿಕೊಂಡ ವೈದ್ಯಕೀಯ ಪತ್ರ ಒಂದೇ ಪ್ರಶ್ನೆಗೆ ಬಯಲಾಗುತ್ತದೆ, ನಿಜವಾದ ಅಂಶಗಳನ್ನೂ ಮುಳುಗಿಸುತ್ತದೆ.

ಉತ್ತರ ಬರದಿದ್ದರೆ ಅಥವಾ ಕಾರಣ ಕೊಡದೆ ತಿರಸ್ಕರಿಸಿದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಆಡಳಿತದ ತಪ್ಪನ್ನು ಸರಿಪಡಿಸಲು ಆದೇಶ ಕೋರುವ ಅರ್ಜಿ. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ಕಾಲೇಜು, ವಿಶ್ವವಿದ್ಯಾಲಯ ಎರಡನ್ನೂ ಪ್ರತಿವಾದಿ ಮಾಡಿ. ಹಾಲ್ ಟಿಕೆಟ್ ಕೊಡುವವರನ್ನೇ ಬಿಟ್ಟರೆ ಆದೇಶ ಕೈಗೆ ಬಂದರೂ ಜಾರಿಯಾಗದು. ನಿಯಮ ಪಠ್ಯ, ಪಟ್ಟಿ, ಮನವಿ, ಸ್ವೀಕೃತಿ, ವೇಳಾಪಟ್ಟಿ ಲಗತ್ತಿಸಿ, ತುರ್ತು ವಿಚಾರಣೆ ಕೋರಿ ವಕೀಲರಿಂದ ಮೆಮೊ (ಲಿಖಿತ ಕೋರಿಕೆ) ಹಾಕಿಸಿ.

ನ್ಯಾಯಾಲಯ ನೋಡುವುದು ನಿಮ್ಮ ಬುದ್ಧಿವಂತಿಕೆಯನ್ನಲ್ಲ. ನಿಯಮ ಪಾಲನೆಯಾಯಿತೇ, ಅಹವಾಲು ಕೇಳಿದರೇ, ಮನ್ನಾ ಅಧಿಕಾರವನ್ನು ವಿವೇಚನೆಯಿಂದ ಬಳಸಿದರೇ, ನಿಮ್ಮಷ್ಟೇ ಕೊರತೆಯಿದ್ದ ಇನ್ನೊಬ್ಬರಿಗೆ ಅವಕಾಶ ಸಿಕ್ಕಿತೇ ಎಂಬುದನ್ನು. ಮನ್ನಾ ಮಿತಿಗಿಂತಲೂ ಕೆಳಗಿದ್ದರೆ ಹಾದಿ ಬಹಳ ಕಿರಿದು. ತಪ್ಪು ಅನುಕಂಪದಿಂದ ಮಧ್ಯಂತರ ಆದೇಶ (ಅಂತಿಮ ತೀರ್ಪಿಗೆ ಮುಂಚಿನ ತಾತ್ಕಾಲಿಕ ಆದೇಶ) ಕೊಡಬಾರದೆಂದು ಸುಪ್ರೀಂ ಕೋರ್ಟ್ 1993ರ ಗುರುನಾನಕ್ ದೇವ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಎಚ್ಚರಿಸಿದೆ.

ಇನ್ನೊಂದು ದಿಕ್ಕಿನಲ್ಲಿ, ಕಾನೂನು ವಿದ್ಯಾರ್ಥಿಯೊಬ್ಬರ ಆತ್ಮಹತ್ಯೆಯ ಹಿನ್ನೆಲೆಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2025ರ ನವೆಂಬರ್ 3ರಂದು, ಹಾಜರಾತಿ ಕೊರತೆಗಾಗಿ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು ಹೇಳಿತು. ಕೊರತೆ ಉಳಿದರೆ ಗರಿಷ್ಠ ಶೇ 5 ಅಂಕ, ಸಿಜಿಪಿಎ (ಒಟ್ಟು ಸರಾಸರಿ ಗ್ರೇಡ್) ಪದ್ಧತಿ ಇದ್ದಲ್ಲಿ ಶೇ 0.33 ಕಡಿತ, ವಾರಕ್ಕೊಮ್ಮೆ ಹಾಜರಾತಿ ಪ್ರಕಟಣೆ, ತಿಂಗಳಿಗೊಮ್ಮೆ ಪೋಷಕರಿಗೆ ಸೂಚನೆ ಎಂದೂ ವಿಧಿಸಿತು. ಇದು ಕಾನೂನು ಶಿಕ್ಷಣದ ಕುರಿತದ್ದು. ಎಂಜಿನಿಯರಿಂಗ್ ವಿದ್ಯಾರ್ಥಿ ಇದನ್ನೇ ಹಿಡಿದು ಹೋದರೆ ನಿಲ್ಲುವುದು ಕಷ್ಟ. ಇದರ ಮೇಲೆ ನಂತರ ಬಂದ ಆದೇಶಗಳನ್ನು ವಕೀಲರಿಂದ ಪರಿಶೀಲಿಸಿಕೊಂಡೇ ಉಲ್ಲೇಖಿಸಿ.

ಮಧ್ಯಂತರ ಆದೇಶ ಸಿಕ್ಕರೆ ಅದರಲ್ಲಿ ಸಾಮಾನ್ಯವಾಗಿ ‘ಅರ್ಜಿಯ ಅಂತಿಮ ತೀರ್ಪಿಗೆ ಒಳಪಟ್ಟು’ ಎಂದಿರುತ್ತದೆ. ಪರೀಕ್ಷೆ ಬರೆದರೂ ಫಲಿತಾಂಶ ತಡೆಹಿಡಿಯಬಹುದು. ಅರ್ಜಿ ವಜಾ ಆದರೆ ಬರೆದದ್ದು ಲೆಕ್ಕಕ್ಕಿಲ್ಲ. ಆದೇಶದ ದೃಢೀಕೃತ ಪ್ರತಿಯನ್ನು ಅಂದೇ ಪರೀಕ್ಷಾಂಗ ಕುಲಸಚಿವರಿಗೆ ತಲುಪಿಸಿ, ಮುಂದಿನ ವಿಚಾರಣೆಯ ದಿನಾಂಕ ತಪ್ಪಿಸಬೇಡಿ.