ಪಾರ್ಕಿನ್ಸನ್ಸ್‌ಗೆ ಟಿಎಂಎಸ್ ಮಾಡಿಸುವವರಿಗೆ: ಮೂರು ಮೀಟರ್ ನೆಲ, ಒಂದು ಸ್ಟಾಪ್‌ವಾಚ್, ಒಂದು ಡೈರಿ

ನನ್ನ ಅಪ್ಪಯ್ಯ ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮೂವತ್ತೆಂಟು ವರ್ಷ ದೋಸೆ ಹೊಯ್ದವರು. ಪಾರ್ಕಿನ್ಸನ್ಸ್ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದೂ ಕಾವಲಿಯ ಮೇಲೆಯೇ. ಸೌಟು ತಿರುಗಿಸುತ್ತಿದ್ದ ಕೈ ಅದೇ, ಹಿಟ್ಟೂ ಅದೇ, ದೋಸೆ ಮಾತ್ರ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು. ನಡುಕ ಕಂಡದ್ದು ಆಮೇಲೆ. ಈಗ ಅವರಿಗೆ 73. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಕಳೆದ ವರ್ಷ ನರರೋಗ ವೈದ್ಯರು ಟಿಎಂಎಸ್, ಅಂದರೆ ತಲೆಯ ಹೊರಗಿನಿಂದ ಕಾಂತದ ಮೂಲಕ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ, ಪ್ರಯತ್ನಿಸಬಹುದು ಎಂದಾಗ ಕನ್ನಡದಲ್ಲಿ ಓದಲು ನನಗೇನೂ ಸಿಗಲಿಲ್ಲ. ನಿಮ್ಮ ಮನೆಯವರನ್ನು ಕರೆದೊಯ್ಯುವ ಮೊದಲು ಇಷ್ಟಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಇದು ಏನೆಂದು ಮೊದಲು ತಿಳಿದುಕೊಳ್ಳಿ. ತಲೆಯ ಮೇಲೆ ಎಂಟರ ಅಂಕಿಯ ಆಕಾರದ ತಂತಿಸುರುಳಿ ಹಿಡಿಯುತ್ತಾರೆ. ಅದರಿಂದ ಹೊರಡುವ ಕಾಂತಕ್ಷೇತ್ರ ತಲೆಬುರುಡೆ ದಾಟಿ ಮಿದುಳಿನ ಮೇಲ್ಪದರದಲ್ಲಿ ಕ್ಷಣಮಾತ್ರ ವಿದ್ಯುತ್ ಹರಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು 1985ರಲ್ಲಿ ಇದನ್ನು ಮಾಡಿ ತೋರಿಸಿದರು. ಪಾರ್ಕಿನ್ಸನ್ಸ್‌ನಲ್ಲಿ ಸಾಯುವ, ಚಲನೆಗೆ ಬೇಕಾದ ಡೋಪಮಿನ್ ರಾಸಾಯನಿಕ ತಯಾರಿಸುವ ಕೋಶಗಳು ಮಿದುಳಿನ ಆಳದಲ್ಲಿರುತ್ತವೆ, ಸುರುಳಿಯ ಶಕ್ತಿ ಅಲ್ಲಿಯವರೆಗೆ ಇಳಿಯುವುದಿಲ್ಲ. ಚಲನೆ ನಡೆಸುವ ಮೇಲ್ಪದರವನ್ನು ಚುರುಕುಗೊಳಿಸಿ, ಅದರ ಸಂಪರ್ಕಗಳ ಮೂಲಕ ಕೈಕಾಲಿನ ನಿಧಾನವನ್ನು ಸ್ವಲ್ಪ ಸುಧಾರಿಸುವುದಷ್ಟೇ ಉದ್ದೇಶ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಬುರುಡೆಗೆ ರಂಧ್ರ ಕೊರೆದು ತಂತಿ ಇಳಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆ ಬೇರೆ. ಅದಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ.

ಅಮೆರಿಕದಲ್ಲಿ ಟಿಎಂಎಸ್‌ಗೆ 2008ರಲ್ಲಿ ಅನುಮತಿ ಸಿಕ್ಕಿದ್ದು ಖಿನ್ನತೆಗೆ. ಪಾರ್ಕಿನ್ಸನ್ಸ್‌ನ ಚಲನೆಯ ತೊಂದರೆಗೆ ಉಪಯೋಗವಿದೆ ಎಂದು ಹಲವು ಅಧ್ಯಯನಗಳು ತೋರಿಸಿವೆ, ಆದರೆ ಆ ಉಪಯೋಗ ಸಾಧಾರಣ ಮಟ್ಟದ್ದು. ಒಂದು ಕೇಂದ್ರದಲ್ಲಿ ನಮಗೆ "ಆರು ವಾರದಲ್ಲಿ ಮಾತ್ರೆ ಬಿಡಿಸುತ್ತೇವೆ" ಎಂದರು. ಅಪ್ಪಯ್ಯನ ಮುಖ ಅರಳಿದ್ದು ಕಂಡು ನನಗೆ ಸಂಕಟವಾಯಿತು. ಹಾಗೆ ಯಾರಾದರೂ ಹೇಳಿದರೆ ಎದ್ದು ಬನ್ನಿ. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪ ಮಾತ್ರೆಯನ್ನು ವೈದ್ಯರು ಹೇಳದೆ ಒಂದು ಹೊತ್ತೂ ತಪ್ಪಿಸಬಾರದು.

ಹೋಗುವ ಮೊದಲು ಲೋಹದ ಲೆಕ್ಕ ಕೊಡಿ. ತಲೆಯೊಳಗೆ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್, ಮೊದಲೇ ಹಾಕಿಸಿದ ಡಿಬಿಎಸ್, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡಬೇಡಿ. ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನೂ ಹೇಳಿ, ಏಕೆಂದರೆ ಈ ಚಿಕಿತ್ಸೆಯ ಅಪರೂಪದ ಆದರೆ ದೊಡ್ಡ ಅಪಾಯವೆಂದರೆ ಫಿಟ್ಸ್. ನೋವಿಗೆ ಕೊಡುವ ಟ್ರಮಡಾಲ್‌ನಂಥ ಕೆಲವು ಔಷಧಿಗಳು ಆ ಅಪಾಯವನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೊಣಕಾಲು ನೋವಿನ ಮಾತ್ರೆಯ ಚೀಟಿಯನ್ನೂ ಫೈಲಿಗೆ ಸೇರಿಸಿ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಯಂತ್ರ ಶುರುವಾಗುವ ಮುಂಚೆಯೇ ಹೇಳಿಬಿಡಿ.

ಇನ್ನು ಅಳತೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಮತ್ತು ನಾವು ತಪ್ಪಿದ್ದೂ ಇಲ್ಲೇ. ಪಾರ್ಕಿನ್ಸನ್ಸ್‌ನಲ್ಲಿ "ಗುಣವಾಗುತ್ತದೆ" ಎಂಬ ನಂಬಿಕೆಯೇ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆ ಮಾಡಿಸುತ್ತದೆ, 2001ರಲ್ಲೇ ಇದನ್ನು ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಮೊದಲ ದಿನ ಮನೆಗೆ ಬಂದ ಅಪ್ಪಯ್ಯ "ಕಾಲು ಹಗುರಾಯ್ತು" ಎಂದರೆ ಅದು ಸುಳ್ಳಲ್ಲ, ಆದರೆ ಕೆಲಸ ಮಾಡಿದ್ದು ಸುರುಳಿಯೋ ಆಸೆಯೋ ಎಂದು ತಿಳಿಯುವುದಿಲ್ಲ. ಹೀಗೆ ಮಾಡಿ: ಕೈಯಿರುವ ಕುರ್ಚಿ ಇಟ್ಟು, ಅದರ ಮುಂದೆ ಮೂರು ಮೀಟರ್ ಅಳೆದು ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ. ಎದ್ದು, ಟೇಪಿನವರೆಗೆ ನಡೆದು, ತಿರುಗಿ, ಬಂದು ಕೂರಲು ಎಷ್ಟು ಸೆಕೆಂಡು ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ. ತಿರುಗಲು ಎಷ್ಟು ಹೆಜ್ಜೆ ಹಾಕಿದರು, ಅದನ್ನೂ ಎಣಿಸಿ. ಬೀಳದ ಹಾಗೆ ಪಕ್ಕದಲ್ಲೇ ನಿಲ್ಲಿ. ಆಮೇಲೆ ಹೆಬ್ಬೆರಳು, ತೋರುಬೆರಳು ತಟ್ಟಿಸಿ ವಿಡಿಯೊ ಮಾಡಿಕೊಳ್ಳಿ: ಎಷ್ಟು ಸಲ ಎಂಬುದಕ್ಕಿಂತ ಬೆರಳುಗಳ ನಡುವಿನ ಸಂದು ಎಲ್ಲಿ ಕಿರಿದಾಗುತ್ತದೆ ಎಂದು ಗಮನಿಸಿ.

ಅಳೆಯುವ ಹೊತ್ತು ಬದಲಾಗಬಾರದು. ನಾನು ಅಳತೆಯ ಮೊದಲ ವಾರ ಒಂದು ದಿನ ಮಾತ್ರೆ ತಾಗಿದಾಗ, ಇನ್ನೊಂದು ದಿನ ಇಳಿದಾಗ ಅಳೆದೆ. ಡೈರಿಯಲ್ಲಿ ಬಂದ ಏರಿಳಿತವೆಲ್ಲ ಮಾತ್ರೆಯದ್ದು. ಅಷ್ಟೂ ಪುಟಗಳು ವ್ಯರ್ಥವಾದವು. ಆಮೇಲೆ ಬೆಳಗ್ಗೆ ಎಂಟರ ಮಾತ್ರೆಯಾಗಿ ಒಂದು ಗಂಟೆ ಕಳೆದ ಮೇಲೆ, ಅದೇ ಕುರ್ಚಿ, ಅದೇ ಚಪ್ಪಲಿ ಎಂದು ಗೊತ್ತು ಮಾಡಿಕೊಂಡೆವು. ತಿಂಡಿಯ ಹೊತ್ತನ್ನೂ ಬರೆದಿಡಿ. ಬೇಳೆ, ಮೊಸರಿನ ಪ್ರೋಟೀನು ಮಾತ್ರೆಯ ಜೊತೆಗೇ ಹೊಟ್ಟೆಗೆ ಹೋದರೆ ಮಾತ್ರೆ ಸರಿಯಾಗಿ ತಾಗದೆ ಇರಬಹುದು.

ನಮಗೆ ಹೇಳಿದ್ದು ಎರಡು ವಾರದಲ್ಲಿ ಹತ್ತು ಸಲ, ಪರೇಲ್ ಕಡೆಯ ಕೇಂದ್ರದಲ್ಲಿ. ಪಾರ್ಕಿನ್ಸನ್ಸ್ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಆದ್ದರಿಂದ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಲೋಕಲ್ ರೈಲಿನ ದಿವ್ಯಾಂಗ ಡಬ್ಬಿ ಇಲ್ಲದಿದ್ದರೆ ಡೊಂಬಿವಲಿಯಿಂದ ಹೋಗಿಬರುವುದು ನಮ್ಮಿಂದ ಆಗುತ್ತಿರಲಿಲ್ಲ. ಮಾತ್ರೆ, ನೀರು, ಅಲಾರಂ ಕೈಚೀಲದಲ್ಲೇ ಇರಲಿ, ರೈಲು ತಡವಾದರೂ ಮಾತ್ರೆ ತಡವಾಗಬಾರದು.

ಕೋಣೆಯಲ್ಲಿ ಕಿವಿಗೆ ಇಯರ್‌ಪ್ಲಗ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ, ಸದ್ದು ಮರಕುಟಿಗ ಕುಟ್ಟಿದ ಹಾಗಿರುತ್ತದೆ. ಮೊದಲು ಶಕ್ತಿ ಎಷ್ಟಿಡಬೇಕೆಂದು ಗೊತ್ತುಮಾಡುತ್ತಾರೆ. ಸುರುಳಿಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಒಂದೊಂದೇ ಕಾಂತದ ಹೊಡೆತ ಕೊಟ್ಟು, ಹೆಬ್ಬೆರಳು ಚಿಮ್ಮುವ ಜಾಗ ಹುಡುಕುತ್ತಾರೆ. ಹತ್ತು ಹೊಡೆತದಲ್ಲಿ ಐದು ಸಲ ಚಿಮ್ಮುವ ಕನಿಷ್ಠ ಶಕ್ತಿಯೇ ಆ ವ್ಯಕ್ತಿಯ ಅಳತೆ. ಅಪ್ಪಯ್ಯ ತಮ್ಮ ಬಲಗೈಯನ್ನೇ ನೋಡುತ್ತಾ ಕೂತಿದ್ದರು. ಟಕ್ ಎಂದಿತು, ಹೆಬ್ಬೆರಳು ಒಳಗೆ ಮಡಚಿತು. "ನಾ ಮಾಡಿದ್ದಲ್ಲ ಮಾರಾಯ್ತಿ, ಅದೇ ಹಾರಿದ್ದ್" ಎಂದು ನನ್ನ ಕಡೆ ತಿರುಗಿದರು. ತಮ್ಮ ಮಾತು ಕೇಳದ ಕೈ ಇನ್ನೊಬ್ಬರ ಮಾತು ಕೇಳಿದ್ದು ಅವರಿಗೆ ಭಯ ತಂದಿತ್ತು. ಹೀಗಾಗುತ್ತದೆ ಎಂದು ಮನೆಯಲ್ಲೇ ಹೇಳಿಡಿ. ಚಿಕಿತ್ಸೆಯ ಹೊಡೆತಗಳು ಸೆಕೆಂಡಿಗೆ ಹತ್ತರಂತೆ ಕೆಲವು ಸೆಕೆಂಡು, ನಡುವೆ ವಿರಾಮ. ತಲೆಯ ಚರ್ಮ ಜುಮುಗುಟ್ಟುತ್ತದೆ, ಮನೆಗೆ ಬಂದಮೇಲೆ ಸಣ್ಣ ತಲೆನೋವೂ ಬರಬಹುದು.

ಸಂಜೆ ಸುಮ್ಮನೆ ಮಲಗಿಸಬೇಡಿ, ಆಯಾಸವಿಲ್ಲದಿದ್ದರೆ ನಡೆಸಿ. ಕಾಲು ಅಂಟಿದಾಗ ಕೈ ಹಿಡಿದು ಎಳೆಯಲೇಬಾರದು, ದೇಹ ಮುಂದಾಗಿ ಕಾಲು ಹಿಂದುಳಿದು ಬೀಳುತ್ತಾರೆ. ನಿಲ್ಲಿಸಿ, ನೆಟ್ಟಗಾಗಲು ಬಿಡಿ. ಭಾರವನ್ನು ಎಡಕ್ಕೆ, ಬಲಕ್ಕೆ ತೂಗಿಸಿ, ಆಮೇಲೆ ಒಂದು ದೊಡ್ಡ ಹೆಜ್ಜೆ. ತಾಳವಿದ್ದರೆ ಹೆಜ್ಜೆ ಬೇಗ ಬಿಚ್ಚಿಕೊಳ್ಳುತ್ತದೆ. ಟಕ್ ಟಕ್ ಎಂದು ತಾಳ ಹಾಕುವ ಮೊಬೈಲಿನ ಮೆಟ್ರೊನೋಮ್ ಅಪ್ಪಯ್ಯನಿಗೆ ಹಿಡಿಸಲಿಲ್ಲ. ಒಂದು ಸಂಜೆ ನಾನು ಹೋಟೆಲಿನ ಮಾಣಿ ಕೂಗುವ ಹಾಗೆ "ಎರಡ್ ಮಸಾಲೆ, ಒಂದ್ ಸಾದಾ" ಎಂದೆ. ಹೊಸ್ತಿಲು ದಾಟಿಬಿಟ್ಟರು. ಈಗ ನಮ್ಮ ಮನೆಯ ತಾಳ ಅದೇ.

ಇದರ ಜೊತೆ ಒಂದು ಎಚ್ಚರಿಕೆ. ಉಪ್ಪುನೀರಿನ ಸ್ಪಂಜಿನ ಮೂಲಕ ತಲೆಗೆ ಒಂದೆರಡು ಮಿಲಿಆಂಪಿಯರ್ ವಿದ್ಯುತ್ ಹರಿಸುವ ಟಿಡಿಸಿಎಸ್ ಎಂಬ ವಿಧಾನವೂ ಇದೆ. ಬ್ಯಾಟರಿಯಲ್ಲಿ ನೀವೇ ಮಾಡಿಕೊಳ್ಳಿ ಎನ್ನುವ ವಿಡಿಯೊ ನೋಡಿ ಕೈ ಹಾಕಬೇಡಿ, ಚರ್ಮ ಸುಡಬಹುದು.

ನಮ್ಮ ಡೈರಿಯ ಲೆಕ್ಕ: ಶುರುವಿಗೆ ಮುಂಚೆ 24 ಸೆಕೆಂಡು, ತಿರುಗಲು ಒಂಬತ್ತು ಹೆಜ್ಜೆ. ಹತ್ತನೇ ಸಲದ ಚಿಕಿತ್ಸೆಯ ಮರುದಿನ 19 ಸೆಕೆಂಡು, ಆರು ಹೆಜ್ಜೆ. ಎರಡು ತಿಂಗಳಾದ ಮೇಲೆ 22 ಸೆಕೆಂಡು, ಆದರೆ ಹೆಜ್ಜೆ ಇನ್ನೂ ಆರೇ. ನಡುಕ ಇದ್ದ ಹಾಗೇ ಇದೆ. ಇನ್ನೊಂದು ಸುತ್ತು ಬೇಕೋ ಬೇಡವೋ ಎಂದು ವೈದ್ಯರು ಈ ಪುಟ ನೋಡಿ ಹೇಳುತ್ತಾರೆ. ಮುಂದಿನ ಅಳತೆ ಬರುವ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ.