ಐದು ಪಂಚಾಯ್ತಿಗೆ ಒಂದೇ ಕೆರೆ: ನೀರಿನ ಜಂಟಿ ಸಮಿತಿ ರಿಪೇರಿ ಮಾಡಿದ ನನ್ನ ಅನುಭವ

ನಮ್ಮ ಕಡೆ ಕುಡಿಯೋ ನೀರು ಅಂದ್ರೆ ಕಾಲುವೆ ನೀರು. ಸಿಂಧನೂರು ತಾಲ್ಲೂಕಿನ ಕೆಳಭಾಗದಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ಮುಗಿಯುವ ಕಡೆ ನಮ್ಮೂರಿದೆ. ಬೋರು ಹಾಕಿಸಿದರೆ ಉಪ್ಪು ನೀರು, ಕೆಲವು ಕಡೆ ಫ್ಲೋರೈಡ್. ಅದಕ್ಕೇ ಕಾಲುವೆ ಹರಿಯುವಾಗ ದೊಡ್ಡ ಕೆರೆ ತುಂಬಿಸಿಕೊಂಡು, ಬಂದ್ ಆದ ತಿಂಗಳುಗಳಲ್ಲಿ ಅದನ್ನೇ ಶುದ್ಧ ಮಾಡಿ ಕುಡಿಯುತ್ತೇವೆ. ಕೆರೆ ಒಂದೇ, ಫಿಲ್ಟರ್ ಬೆಡ್ ಒಂದೇ, ಪಂಪ್‌ಹೌಸ್ ಒಂದೇ. ನೀರು ಹೋಗುವುದು ಐದು ಗ್ರಾಮ ಪಂಚಾಯ್ತಿಗಳ ಊರುಗಳಿಗೆ ಮತ್ತು ಕಾಲುವೆ ಬಂದ ಮೇಲೆ ವಲಸೆ ಬಂದವರು ಕಟ್ಟಿಕೊಂಡ ಊರುಗಳಾದ ಕ್ಯಾಂಪ್‌ಗಳಿಗೆ. ಗುತ್ತಿಗೆದಾರರ ನಿರ್ವಹಣೆ ಅವಧಿ ಮುಗಿದ ಮೇಲೆ ಐದೂ ಪಂಚಾಯ್ತಿಗಳು ಠರಾವು ಮಾಡಿ, ಸದಸ್ಯರನ್ನು ಕಳಿಸಿ, ಒಂದು ಜಂಟಿ ಸಮಿತಿ ಮಾಡಿಕೊಂಡಿದ್ದವು.

2023ರ ಆಗಸ್ಟ್‌ನಲ್ಲಿ, ಐದು ವರ್ಷದ ಪಂಚಾಯ್ತಿಯ ಎರಡನೇ ಅರ್ಧದ ಅವಧಿಗೆ, ನಾನು ನಮ್ಮ ಪಂಚಾಯ್ತಿ ಅಧ್ಯಕ್ಷೆ ಆದೆ. ಅಧ್ಯಕ್ಷೆ ಆದರೆ ಜಂಟಿ ಸಮಿತಿಯಲ್ಲೂ ಒಂದು ಕುರ್ಚಿ. ಆ ಸಮಿತಿ ಹೇಗಿದೆ ಅಂತ ನನಗೆ ಗೊತ್ತಾಗಿದ್ದು ಸಭೆಯಲ್ಲಲ್ಲ, ನಮ್ಮ ಮನೆ ಕಟ್ಟೆ ಮೇಲೆ. ಬಿಲ್ ಕಲೆಕ್ಟರ್ ಒಬ್ಬ ನಡಾವಳಿ ಪುಸ್ತಕ ಹಿಡಿದುಕೊಂಡು ಬಂದ.

"ಅಕ್ಕಾ, ಇಲ್ಲೊಂದು ಸಹಿ ಹಾಕಿಬಿಡ್ರಿ."

"ಯಾವ ಸಭೆದಪ್ಪಾ?"

"ಹ್ವಾದ ತಿಂಗಳದ್ದು ರೀ."

ಹೋದ ತಿಂಗಳು ನಾನು ಅಧ್ಯಕ್ಷೆಯೇ ಆಗಿರಲಿಲ್ಲ! ಪುಸ್ತಕ ತೆಗೆದು ನೋಡಿದರೆ ಎಲ್ಲ ಸಭೆಗಳದ್ದೂ ಒಂದೇ ಕೈಬರಹ, ಒಂದೇ ನಾಲ್ಕು ಸಾಲು. "ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಏನು ಚರ್ಚೆ, ಯಾರು ಏನಂದರು, ಎಷ್ಟು ರೊಕ್ಕ, ಒಂದೂ ಇಲ್ಲ. ಸಹಿ ಹಾಕದೆ ಪುಸ್ತಕ ವಾಪಸ್ ಕಳಿಸಿದೆ. ಮರುದಿನ ನಮ್ಮ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೂಲಕ ಪತ್ರ ಬರೆದು ಹಿಂದಿನ ಎಲ್ಲ ನಡಾವಳಿಗಳ ನಕಲು, ಬ್ಯಾಂಕ್ ಪಾಸ್‌ಬುಕ್ ನಕಲು ಕೇಳಿದೆ. ಸ್ವಲ್ಪ ಎಳೆದಾಡಿದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತೀನಿ ಅಂದ ಮೇಲೆ ಕೊಟ್ಟರು.

ಓದಿದ ಮೇಲೆ ನನಗನಿಸಿದ್ದು ಇಷ್ಟು. ಯಾರೋ ದೊಡ್ಡದಾಗಿ ರೊಕ್ಕ ತಿಂದಿದ್ದಾರೆ ಅಂತಲ್ಲ. ಸಮಿತಿ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ, ತೊಂದರೆ ಅದು. ಪಂಚಾಯ್ತಿಯಲ್ಲಿ ತಪ್ಪಾದರೆ ವಾರ್ಡ್ ಸಭೆ ಇದೆ, ಗ್ರಾಮ ಸಭೆ ಇದೆ, ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಜನರ ಮುಂದೆ ತಪಾಸಣೆ ಮಾಡುವ ಜಮಾಬಂದಿ ಇದೆ. ಜನ ಎದ್ದು ನಿಂತು ಕೇಳುತ್ತಾರೆ, ಬೈಯುತ್ತಾರೆ. ಜಂಟಿ ಸಮಿತಿಗೆ ಊರೇ ಇಲ್ಲ, ಹಾಗಾಗಿ ಗ್ರಾಮ ಸಭೆಯೂ ಇಲ್ಲ. ನಮ್ಮೂರಲ್ಲಿ ನೀರು ಬರಲಿಲ್ಲ ಅಂತ ಕೇಳಿದರೆ "ಅದು ಜಂಟಿ ಸಮಿತಿದು ರೀ" ಅಂತಿದ್ದೆವು. ಸಮಿತಿಯಲ್ಲಿ ಕೇಳಿದರೆ "ನಿಮ್ಮ ಪಂಚಾಯ್ತಿ ವಂತಿಗೆ ಕೊಟ್ಟಿಲ್ಲ" ಅಂತಿದ್ದರು. ಎರಡರ ನಡುವೆ ಕೊಡ ಹಿಡಿದುಕೊಂಡು ನಿಂತವರು ಹೆಣ್ಣುಮಕ್ಕಳು.

ಹಾಗಾಗಿ ನಾನು ಮೊದಲು ಕೈಹಾಕಿದ್ದು ಸಮಿತಿಗಲ್ಲ, ನಮ್ಮ ಪಂಚಾಯ್ತಿಗೆ. ನಮ್ಮ ಸಾಮಾನ್ಯ ಸಭೆಯ ಅಜೆಂಡಾದಲ್ಲಿ "ಜಂಟಿ ನೀರು ಸಮಿತಿ ವರದಿ" ಅಂತ ಒಂದು ಖಾಯಂ ವಿಷಯ ಸೇರಿಸಿ ಠರಾವು ಮಾಡಿಸಿದೆ. ಸಮಿತಿ ಸಭೆಗೆ ಹೋಗುವ ಮುಂಚೆ, ಅಲ್ಲಿ ಏನು ಹೇಳಬೇಕು ಅಂತ ಪಂಚಾಯ್ತಿ ನನಗೆ ಹೇಳಬೇಕು. ಬಂದ ಮೇಲೆ ಏನಾಯ್ತು ಅಂತ ನಾನು ಪಂಚಾಯ್ತಿಗೆ ಹೇಳಬೇಕು. ಮೊದಲ ಸಲ ಸದಸ್ಯರು ನನ್ನನ್ನು ಚೆನ್ನಾಗಿ ಹುರಿದರು. ನಾನೇ ತಂದ ಠರಾವು, ಕೂತು ಕೇಳಿಸಿಕೊಂಡೆ. ಆದರೆ ಆ ದಿನದಿಂದ ಸಮಿತಿ ಸಭೆಯಲ್ಲಿ ನನ್ನ ಮಾತಿಗೆ ತೂಕ ಬಂತು, ಯಾಕಂದ್ರೆ ನನ್ನ ಕೈಯಲ್ಲಿ ಪಂಚಾಯ್ತಿ ಠರಾವಿನ ನಕಲು ಇರುತ್ತಿತ್ತು. ಇನ್ನೆರಡು ಪಂಚಾಯ್ತಿಗಳು ಇದನ್ನೇ ಮಾಡಿದವು. ಉಳಿದೆರಡನ್ನು ಒಪ್ಪಿಸೋಕೆ ಹೆಚ್ಚು ಸಮಯ ಬೇಕಾಯ್ತು.

ನಂತರ ನಿಯಮಾವಳಿ. ಎರಡೇ ಹಾಳೆ. ಜಾಸ್ತಿ ಬರೆದರೆ ಯಾರೂ ಓದಲ್ಲ ಅಂತ ಗೊತ್ತಿತ್ತು. ಏಳು ದಿನ ಮುಂಚೆ ನೋಟಿಸ್, ಜೊತೆಗೆ ಅಜೆಂಡಾ. ಐದರಲ್ಲಿ ಕನಿಷ್ಠ ನಾಲ್ಕು ಪಂಚಾಯ್ತಿಯವರು ಬಂದರೆ ಮಾತ್ರ ಕೋರಂ. ನಡಾವಳಿಯನ್ನು ಸಭೆಯಲ್ಲೇ ಬರೆದು, ಓದಿ ಹೇಳಿ, ಅಲ್ಲೇ ಸಹಿ. ಪುಸ್ತಕ ಯಾರ ಮನೆಗೂ ಹೋಗುವಂತಿಲ್ಲ. ಇದಕ್ಕೆಲ್ಲ ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಎರಡು ಕಡೆ. ಮೊದಲನೆಯದು, ಸಭೆಗೆ ಯಾರು ಬರಬೇಕು ಅನ್ನೋದು. ಐವರಲ್ಲಿ ಮೂವರು ಅಧ್ಯಕ್ಷೆಯರು. ಬರುತ್ತಿದ್ದವರು ಮಾತ್ರ ಅವರ ಯಜಮಾನರು. "ಸದಸ್ಯರೇ ಬರಬೇಕು, ಬದಲಿಗೆ ಇನ್ನೊಬ್ಬರು ಕೂರುವಂತಿಲ್ಲ" ಅಂತ ಬರೆದಾಗ ಒಬ್ಬರು ಯಜಮಾನರು "ಹಂಗಾದ್ರ ನಮ್ಮಾಕಿಗೆ ಏನ್ ತಿಳಿತೈತಿ?" ಅಂದರು. ನಮ್ಮ ಮನೆಯವರು ನನ್ನನ್ನು ಬೈಕಿನಲ್ಲಿ ಬಿಟ್ಟು ಹೊರಗೆ ಚಹಾ ಅಂಗಡಿಯಲ್ಲಿ ಕೂತಿದ್ದರು. ಕರೆದು ತೋರಿಸಿದೆ: "ನೋಡ್ರೀ ಅಣ್ಣಾ, ನಮ್ಮವ್ರು ಅಲ್ಲಿ ಕುಂತಾರ. ನೀವೂ ಹೋಗಿ ಕುಂದರ್ರಿ, ಚಹಾ ನಾ ಕೊಡಸ್ತೀನಿ." ನಕ್ಕರು, ಎದ್ದು ಹೋದರು. ಮುಂದಿನ ಸಭೆಗೆ ಅವರ ಹೆಂಡತಿ ಬಂದರು. ಮಾತು ಕಡಿಮೆ, ಆದರೆ ಯಾವ ವಾಲ್ವ್ ಯಾವಾಗ ತಿರುಗುತ್ತೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಸುಕಿನಲ್ಲಿ ಎದ್ದು ನೀರು ಹಿಡಿಯುವವರು ಅವರೇ ಅಲ್ವಾ.

ಎರಡನೆಯದು ಅಧ್ಯಕ್ಷಗಿರಿ. ಕೆರೆ ಇರೋ ಪಂಚಾಯ್ತಿಯವರೇ ಮೊದಲಿಂದ ಸಮಿತಿ ಅಧ್ಯಕ್ಷರು. ಆಪರೇಟರ್‌ಗಳೂ ಆ ಊರಿನವರೇ. "ಭೂಮಿ ಕೊಟ್ಟಿದ್ದು ನಾವು" ಅನ್ನೋದು ಅವರ ಮಾತು, ಅದು ಸುಳ್ಳೂ ಅಲ್ಲ. ವರ್ಷಕ್ಕೊಂದು ಪಂಚಾಯ್ತಿಗೆ ಸರದಿ ಬರಲಿ, ಕೆರೆ ಊರಿನವರು ಖಾಯಂ ಉಪಾಧ್ಯಕ್ಷರಾಗಿರಲಿ ಅಂತ ಕೊನೆಗೆ ಒಪ್ಪಂದ ಆಯ್ತು. ಕೆಲವರಿಗೆ ಇದು ರಾಜಿ ಅನಿಸಿತು. ನನಗೆ ನ್ಯಾಯ ಅನಿಸಿತು. ಕೆರೆ ಏರಿ ಒಡೆದರೆ ಮೊದಲು ನೀರು ನುಗ್ಗೋದು ಅವರ ಹೊಲಕ್ಕೇ.

ಈಗ ರೊಕ್ಕದ ಮಾತು. ಕರೆಂಟ್ ಬಿಲ್, ನೀರು ತಿಳಿಯಾಗಿಸೋ ಆಲಂ (ಪಟಿಕ), ಬ್ಲೀಚಿಂಗ್ ಪೌಡರ್, ಆಪರೇಟರ್ ಸಂಬಳ, ಮೋಟಾರ್ ರಿಪೇರಿ. ಇದಕ್ಕೆ ಪ್ರತಿ ಪಂಚಾಯ್ತಿ ವಂತಿಗೆ ಕೊಡಬೇಕು. ರೊಕ್ಕವೇ ಇಲ್ಲ ಅನ್ನೋ ಮಾತು ಅಷ್ಟು ನಿಜವಲ್ಲ. ಆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪರ್ಸೆಂಟ್ ನಿರ್ಬಂಧಿತ, ಅಂದ್ರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಾದದ್ದು; ಅದರಲ್ಲಿ ಅರ್ಧ ಕುಡಿಯುವ ನೀರಿನ ಬಾಬ್ತಿಗೇ ಇತ್ತು. ಜೊತೆಗೆ ಮನೆಗಳಿಂದ ನೀರಿನ ಕರ. ಜಗಳ ಇದ್ದದ್ದು ಯಾರ ಪಾಲು ಎಷ್ಟು ಅನ್ನೋದರ ಮೇಲೆ. ಮೊದಲು ಐವರಿಗೂ ಸಮ ಪಾಲು. ಸಣ್ಣ ಪಂಚಾಯ್ತಿಯವರು "ನಮಗ್ಯಾಕ ದೊಡ್ಡೂರಿನಷ್ಟು?" ಅಂತ ಕೊಡುತ್ತಿರಲಿಲ್ಲ. ಅವರು ಕೊಡಲಿಲ್ಲ ಅಂತ ಉಳಿದವರೂ ಕೊಡುತ್ತಿರಲಿಲ್ಲ. ನಾವು ನಲ್ಲಿ ಲೆಕ್ಕಕ್ಕೆ ಬಂದೆವು: ಎಷ್ಟು ಮನೆ ನಲ್ಲಿಯೋ ಅಷ್ಟು ವಂತಿಗೆ. ಜಲಜೀವನ್ ಮಿಷನ್ ನಲ್ಲಿಗಳ ಪಟ್ಟಿ ಹೇಗೂ ಪಂಚಾಯ್ತಿಯಲ್ಲಿ ಇತ್ತು.

ಖಾತೆಯಿಂದ ರೊಕ್ಕ ತೆಗೆಯೋಕೆ ಎರಡು ಸಹಿ, ಎರಡೂ ಬೇರೆ ಬೇರೆ ಪಂಚಾಯ್ತಿಯವರದ್ದು. ಒಂದೇ ಪಂಚಾಯ್ತಿಯ ಅಧ್ಯಕ್ಷ ಮತ್ತು ಪಿಡಿಒ ಇಬ್ಬರೇ ಸಹಿ ಮಾಡುವ ಹಳೇ ಪದ್ಧತಿ ಬಿಟ್ಟೆವು.

ಕೊಡದವರಿಗೆ ಏನು ಮಾಡೋದು? ನೀರು ನಿಲ್ಲಿಸಿ ಅಂದರು ಕೆಲವರು. ಅದಾಗಲ್ಲ ಅಂದೆ. ಅಧ್ಯಕ್ಷರ ತಪ್ಪಿಗೆ ಊರಿನ ಕೂಸುಗಳ ಬಾಯಿಗೆ ಮಣ್ಣು ಹಾಕೋಕಾಗುತ್ತಾ? ಬದಲಿಗೆ, ಮೂರು ತಿಂಗಳ ವಂತಿಗೆ ಬಾಕಿ ಇದ್ದ ಪಂಚಾಯ್ತಿಗೆ ಅಧ್ಯಕ್ಷಗಿರಿ ಸರದಿ ತಪ್ಪುತ್ತೆ ಅಂತ ಬರೆದೆವು. ಇದು ಕೆಲಸ ಮಾಡಿತು. ನೀರು ನಿಲ್ಲಿಸಿದರೆ ನಮ್ಮ ರಾಜಕಾರಣಿಗಳು ಧರಣಿ ಕೂರುತ್ತಾರೆ, ಕುರ್ಚಿ ತಪ್ಪಿದರೆ ಚೆಕ್ ಬರೆಯುತ್ತಾರೆ. ಒಂದು ಪಂಚಾಯ್ತಿಯವರು ಸಿಟ್ಟಿನಿಂದ ಸಭೆಗೆ ಬರೋದನ್ನೇ ಬಿಟ್ಟಿದ್ದರು. ಹಿರಿಯ ಸದಸ್ಯರೊಬ್ಬರು "ಸುಮ್ನಿರ್ರೀ, ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು?" ಅಂದರು. ಬೇಸಿಗೆ ಶುರುವಾಗುತ್ತಲೇ ಬಂದರು.

ಆದರೆ ಇದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಕರಿ ಹಲಗೆ. ನಮ್ಮ ಭಾಗದಲ್ಲಿ ಓದು ಬಾರದ ರೈತನಿಗೂ ತುಂಗಭದ್ರಾ ಡ್ಯಾಂ ಗರಿಷ್ಠ ಮಟ್ಟ 1633 ಅಡಿ ಅಂತ ಗೊತ್ತು. ದಿನಾ ಪೇಪರ್‌ನಲ್ಲಿ ಬರುತ್ತೆ: ಇವತ್ತಿನ ಮಟ್ಟ, ಸಂಗ್ರಹ ಎಷ್ಟು ಟಿಎಂಸಿ, ಒಳಹರಿವು, ಹೊರಹರಿವು. ಚಹಾ ಅಂಗಡಿಯಲ್ಲಿ ಬೆಳಗ್ಗೆ ಅದೇ ಮಾತು, ಆಮೇಲೆ "ಮೈಲ್ 69ಕ್ಕ ಗೇಜ್ ಎಷ್ಟೈತಿ?" ಅನ್ನೋ ಮಾತು, ಅಂದ್ರೆ ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ಎಷ್ಟು ಅಂತ. ಅಷ್ಟು ದೂರದ ಡ್ಯಾಂ ಲೆಕ್ಕ ಬಾಯಿಪಾಠ, ನಮ್ಮದೇ ಕುಡಿಯೋ ನೀರಿನ ಕೆರೆಯಲ್ಲಿ ಎಷ್ಟು ನೀರಿದೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಅದೇ ನಮೂನೆ ತೆಗೆದುಕೊಂಡೆವು. ಐದೂ ಪಂಚಾಯ್ತಿ ಕಚೇರಿ ಮುಂದೆ ಒಂದೊಂದು ಹಲಗೆ. ಕೆರೆ ಮಟ್ಟ ಎಷ್ಟು ಅಡಿ. ನಿನ್ನೆ ಪಂಪ್ ಎಷ್ಟು ತಾಸು ನಡೆಯಿತು. ಯಾವ ಊರಿನ ಟ್ಯಾಂಕ್ ಎಷ್ಟು ಸಲ ತುಂಬಿತು. ಕೊನೇ ನಲ್ಲಿಯಲ್ಲಿ ಕ್ಲೋರಿನ್ ನೋಡಿದರೋ ಇಲ್ಲವೋ. ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು, ಕಿಟ್‌ನಲ್ಲಿ ಹನಿ ಹಾಕಿದರೆ ಬಣ್ಣದಲ್ಲೇ ಗೊತ್ತಾಗುತ್ತೆ. ಕೆಳಗಡೆ ಯಾವ ಪಂಚಾಯ್ತಿ ವಂತಿಗೆ ಎಷ್ಟು ಬಾಕಿ. ಬೆಳಗ್ಗೆ ಆಪರೇಟರ್ ವಾಟ್ಸಾಪ್‌ನಲ್ಲಿ ಅಂಕಿ ಹಾಕುತ್ತಾನೆ, ವಾಟರ್‌ಮನ್‌ಗಳು ಸೀಮೆಸುಣ್ಣದಲ್ಲಿ ಬರೆಯುತ್ತಾರೆ.

ಮೀಟರ್ ಇಲ್ಲದೆ ಲೆಕ್ಕ ಹೇಗೆ ಅಂತ ಇಲಾಖೆಯ ಎಂಜಿನಿಯರ್ ಒಬ್ಬರು ಕೇಳಿದರು. ಟ್ಯಾಂಕೇ ನಮ್ಮ ಅಳತೆ. 50 ಸಾವಿರ ಲೀಟರ್ ಟ್ಯಾಂಕ್ ಎರಡು ಸಲ ತುಂಬಿದರೆ ಒಂದು ಲಕ್ಷ ಲೀಟರ್. ತಲೆಗೆ ದಿನಕ್ಕೆ 55 ಲೀಟರ್ ಅನ್ನೋ ಜಲಜೀವನ್ ಲೆಕ್ಕದಲ್ಲಿ ಅದು ಸುಮಾರು 1,800 ಜನಕ್ಕೆ ಆಗುತ್ತೆ. ಸೋರಿಕೆ ಬೇರೆ ಇರುತ್ತೆ, ಇರಲಿ. ಕೆರೆ ಊರಿನ ಟ್ಯಾಂಕ್ ದಿನಾ ಮೂರು ಸಲ, ಕೊನೇ ಕ್ಯಾಂಪಿನದ್ದು ಎರಡು ದಿನಕ್ಕೊಮ್ಮೆ ಅಂತ ಐದೂ ಕಡೆ ಒಂದೇ ದಿನ ಹಲಗೆ ಮೇಲೆ ಬಂದಾಗ, ಸಮಿತಿಯಲ್ಲಿ ನಾನು ಬಾಯಿ ಬಿಡುವ ಮೊದಲೇ ಸರದಿ ಬದಲಾಯಿತು. ಹಲಗೆಯಲ್ಲಿ ಸುಳ್ಳು ಬರೆಯೋಕೂ ಆಗಲ್ಲ. ತಮ್ಮ ಟ್ಯಾಂಕ್ ತುಂಬಿತೋ ಇಲ್ಲವೋ ಅಂತ ಆ ಓಣಿಯವರಿಗೆ ಗೊತ್ತೇ ಇರುತ್ತಲ್ಲ.

2023 ಬರದ ವರ್ಷ. ಡ್ಯಾಂ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ, ನಮ್ಮ ಕೆರೆಯನ್ನು ಬೇಸಿಗೆಯುದ್ದಕ್ಕೂ ಎಳೆಯಬೇಕಾಯ್ತು. ಹಲಗೆ ಇದ್ದದ್ದಕ್ಕೆ ದಿನ ಬಿಟ್ಟು ದಿನ ನೀರು ಬಿಡುವ ತೀರ್ಮಾನಕ್ಕೆ ಜನ ಬೈದರೂ ಒಪ್ಪಿದರು. ಮಟ್ಟ ಇಳಿಯೋದನ್ನು ಅವರೇ ನೋಡುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ಡ್ಯಾಂ ತುಂಬಿ ಖುಷಿ ಪಡುವಷ್ಟರಲ್ಲಿ, 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್‌ನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು, ಡ್ಯಾಂ ನೀರು ನದಿಗೆ ಹರಿದು ಹೋಗತೊಡಗಿತು. ಮೊದಲಾಗಿದ್ದರೆ ಐದು ಅಧ್ಯಕ್ಷರು ಐದು ದಿಕ್ಕಿಗೆ ಫೋನ್ ಮಾಡುತ್ತಿದ್ದೆವು. ಆ ಸಲ ತುರ್ತು ಸಭೆ ಕರೆದೆವು, ಐದೂ ಪಂಚಾಯ್ತಿ ಬಂತು. ಕಾಲುವೆಯಲ್ಲಿ ನೀರು ಇರುವವರೆಗೆ ಮೊದಲು ಕೆರೆ ತುಂಬಲಿ, ಅಲ್ಲಿವರೆಗೆ ಮೇಲಿನವರು ಪಂಪ್‌ಸೆಟ್ ಹಚ್ಚಬಾರದು ಅಂತ ಠರಾವು. ಹೇಳೋದು ಸುಲಭ, ರೈತರನ್ನು ಒಪ್ಪಿಸೋದು ಕಷ್ಟ. ಆದರೆ ಹೇಳಲು ಹೋದವರು ಆಯಾ ಪಂಚಾಯ್ತಿಯ ಪ್ರತಿನಿಧಿಗಳೇ. ಅವರು ಸಭೆಯಲ್ಲಿ ಕೈ ಎತ್ತಿದ್ದು ನಡಾವಳಿಯಲ್ಲಿ ಹೆಸರು ಸಮೇತ ಇತ್ತು, ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ. ಸ್ಟಾಪ್‌ಲಾಗ್ ಅಂದ್ರೆ ಗೇಟಿನ ಜಾಗಕ್ಕೆ ಹಾಕುವ ಉಕ್ಕಿನ ತಡೆ ಇಳಿಸಿ ನೀರು ಬಂದ್ ಮಾಡುವ ಹೊತ್ತಿಗೆ ನಮ್ಮ ಕೆರೆ ತುಂಬಿತ್ತು.

ಆಗದೆ ಉಳಿದದ್ದೂ ಇದೆ. ಆಪರೇಟರ್ ನೇಮಕ ಈಗಲೂ ಶಿಫಾರಸ್ಸಿನ ಮೇಲೇ ನಡೆಯುತ್ತೆ, ಅದನ್ನು ನಿಯಮಕ್ಕೆ ತರೋಕೆ ನನ್ನಿಂದ ಆಗಲಿಲ್ಲ. ಇಬ್ಬರು ಯಜಮಾನರು ಬೇಸಿಗೆ ಕಳೆದ ಮೇಲೆ ಮತ್ತೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರೋಕೆ ಶುರು ಮಾಡಿದರು. ಮಾತಾಡುವಂತಿಲ್ಲ ಅಂದೆವು. ಕೆಮ್ಮುತ್ತಾರೆ.

ದೊಡ್ಡ ಜಗಳ ಕ್ಯಾಂಪ್‌ಗಳದ್ದು. ಅಲ್ಲಿ ನಾಟಿ ಕಾಲದಲ್ಲಿ ಕೂಲಿಗೆ ಬಂದು ಉಳಿಯುವವರು ಬಹಳ. ನಮ್ಮ ಕೆಲವು ಊರುಗಳಲ್ಲಿ ಉಲ್ಟಾ, ಬೇಸಿಗೆಯಲ್ಲಿ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ನಲ್ಲಿ ಇರುತ್ತೆ, ಮನೆಗೆ ಬೀಗ ಇರುತ್ತೆ. ನೀರಿನ ಪಾಲು ಮಾತ್ರ ಇನ್ನೂ 2011ರ ಜನಗಣತಿ ತಲೆ ಲೆಕ್ಕದ ಮೇಲಿದೆ. 2027ರ ಜನಗಣತಿಯ ಊರುವಾರು ಅಂಕಿ ಬಂದ ಕೂಡಲೇ ಪಾಲು ಹೊಸದಾಗಿ ಲೆಕ್ಕ ಹಾಕಬೇಕು ಅಂತ ನಿಯಮಾವಳಿಯ ಕೊನೇ ಸಾಲಾಗಿ ಸೇರಿಸಿ, ಐವರ ಸಹಿ ಮಾಡಿಸಿದೆ. ಅಲ್ಲಿವರೆಗೆ ನಾಟಿ ತಿಂಗಳುಗಳಲ್ಲಿ ಕ್ಯಾಂಪಿನ ಟ್ಯಾಂಕ್ ದಿನಾ ಒಂದು ಸಲ ಜಾಸ್ತಿ ತುಂಬಬೇಕು ಅಂತಲೂ ಇದೆ. ಹೊಸದಾಗಿ ಬರುವ ಸದಸ್ಯರು ಆ ಎರಡು ಹಾಳೆಯನ್ನು ಮೊದಲ ಸಭೆಯಲ್ಲೇ ಕೇಳಿ ಪಡೆಯಲಿ. ಐದೂ ಪಂಚಾಯ್ತಿಗಳ ಪಿಡಿಒ ಹತ್ತಿರ ಒಂದೊಂದು ಪ್ರತಿ ಕೊಟ್ಟು, ಸ್ವೀಕೃತಿ ಸಹಿ ತೆಗೆದುಕೊಂಡಿದ್ದೇನೆ.