ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವವರಿಗೆ

ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೋ ಮಂಗಳೂರಿಗೋ ಹೊರಟವರು ರಾಷ್ಟ್ರೀಯ ಹೆದ್ದಾರಿ 73ರ ಚಾರ್ಮಾಡಿ ಘಾಟಿಯನ್ನು ಹಗಲಿನಲ್ಲೇ ಇಳಿಯುವಂತೆ ಸಮಯ ಹೊಂದಿಸಿಕೊಳ್ಳುವುದು ಒಳ್ಳೆಯದು. 2019ರ ಆಗಸ್ಟ್‌ನಲ್ಲಿ ಇಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು; ಆದ್ದರಿಂದ ಭಾರೀ ಮಳೆಯ ದಿನ ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಘಾಟಿ ಇಳಿಯುವ ಮುನ್ನ ಸಿಗುವ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ, ಹೆಸರಾದ ನೀರುದೋಸೆಯನ್ನು ತಿಂದು, ಟೈರು, ವೈಪರ್, ದೀಪಗಳನ್ನು ಒಮ್ಮೆ ನೋಡಿಕೊಳ್ಳಿ. ದೋಸೆಯೇನೂ ಕಡ್ಡಾಯವಲ್ಲ, ಆದರೆ ವೈಪರ್ ಕಡ್ಡಾಯ.

ಇಳಿಜಾರಿನಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆಯದಿರುವುದು. ಹೀಗೆ ಒತ್ತಿಕೊಂಡೇ ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಎರಡನೇ ಗೇರಿನಲ್ಲಿ, ತೀರಾ ಕಡಿದಾದ ತಿರುವಿನಲ್ಲಿ ಒಂದನೇ ಗೇರಿನಲ್ಲಿ, ಎಂಜಿನ್ನೇ ವೇಗವನ್ನು ತಡೆಯುವಂತೆ ಬಿಟ್ಟು, ಬ್ರೇಕನ್ನು ಬಿಟ್ಟುಬಿಟ್ಟು ಒತ್ತಬೇಕು. ನ್ಯೂಟ್ರಲ್‌ಗೆ ಹಾಕಿ ಇಂಧನ ಉಳಿಸುವ ಆಸೆ ಇಲ್ಲಿ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ, ಚಕ್ರಕ್ಕೆ ನೀರು ಎರಚಬೇಡಿ.

ಏರಿ ಬರುವ ವಾಹನಕ್ಕೆ ದಾರಿ ಬಿಡಿ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆಯಷ್ಟೇ ಕಾಣುವುದರಿಂದ ಲೋಬೀಮ್‌ನಲ್ಲೇ, ತಿರುವಿಗೊಮ್ಮೆ ಹಾರ್ನ್ ಮಾಡುತ್ತಾ ಸಾಗಿ. ರಸ್ತೆಬದಿಯ ಜಲಪಾತಗಳು ಚೆಂದವೇ, ಆದರೆ ಪಾಚಿಗಟ್ಟಿದ ಬಂಡೆಗಳನ್ನು ಹತ್ತಬೇಡಿ, ಫೋಟೊಗಾಗಿ ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ.